ವರ್ಣ ಮಾದರಿ ಗ್ರಹಣ ಮತ್ತು ವರ್ಣ ಹೊಂದಾಣಿಕೆ

ಚಿತ್ರ ಸಂಪಾದನಾ ತಂತ್ರಾಂಶದಲ್ಲಿ ಚಿತ್ರದ ಒಂದು ಭಾಗದ ಬಣ್ಣವನ್ನು ಗುರುತಿಸಿ ತೆಗೆದುಕೊಳ್ಳುವುದು ವರ್ಣ ಮಾದರಿ ಗ್ರಹಣ. ಆ ಬಣ್ಣಕ್ಕೆ ಮತ್ತೊಂದು ಭಾಗವನ್ನಾಗಲಿ ಚಿತ್ರವನ್ನಾಗಲಿ ಸರಿಹೊಂದಿಸುವುದು ವರ್ಣ ಹೊಂದಾಣಿಕೆ. ಫೋಟೋಶಾಪ್, ಗಿಂಪ್ ಮೊದಲಾದ ತಂತ್ರಾಂಶಗಳಲ್ಲಿ ಇದಕ್ಕೆ ಡ್ರಾಪರ್ ಚಿಹ್ನೆಯ ಸಾಧನವಿದೆ.

ಕಾರ್ಯವಿಧಾನ

ಸಾಮಾನ್ಯ 24 ಬಿಟ್ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಅಂಶಗಳಿಗೆ 0ಯಿಂದ 255ರವರೆಗಿನ ಒಂದೊಂದು ಅಂಕಿ ಇರುತ್ತದೆ. ಇವುಗಳಿಂದ 1,67,77,216 ಬಣ್ಣಗಳು ಸಾಧ್ಯ. ಸಾಧನವು ಈ ಮೂರು ಅಂಕಿಗಳನ್ನು ಓದುತ್ತದೆ. ಒಂಟಿ ಪಿಕ್ಸೆಲ್ ಧೂಳಿನದೋ ಹೊಳಪಿನದೋ ಆಗಿರಬಹುದಾದ್ದರಿಂದ 3×3 ಅಥವಾ 5×5 ಪಿಕ್ಸೆಲ್‌ಗಳ ಸರಾಸರಿಯನ್ನು ತೆಗೆದುಕೊಳ್ಳುವುದು ಲೇಸು.

ಬೀದರಿನ ಉದಾಹರಣೆ

ಬೀದರಿನಲ್ಲಿ 1472ರಲ್ಲಿ ನಿರ್ಮಾಣಗೊಂಡ ಮಹಮೂದ್ ಗವಾನ್ ಮದರಸಾದ ಹೊರಗೋಡೆಗಳನ್ನು ಬಣ್ಣದ ಮೆರುಗು ಟೈಲುಗಳು ಅಲಂಕರಿಸಿದ್ದವು. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವ ಹಾಳಾಯಿತು. ಟೈಲುಗಳು ಈಗ ಅಲ್ಲಲ್ಲಿ ಮಾತ್ರ ಉಳಿದಿವೆ. ಇಂತಹ ಟೈಲಿನ ನೀಲಿಯನ್ನು ಛಾಯಾಚಿತ್ರದಿಂದ ದಾಖಲಿಸುವಾಗ ಬೆಳಕು ಮುಖ್ಯ. ಸಂಜೆಯ ಬಿಸಿಲು ಚಿತ್ರಕ್ಕೆ ಕೆಂಪು ಛಾಯೆಯನ್ನೂ ನೆರಳು ನೀಲಿ ಛಾಯೆಯನ್ನೂ ಕೊಡುವುದರಿಂದ, ಒಂದೇ ಟೈಲು ಎರಡು ಬಣ್ಣಗಳಾಗಿ ದಾಖಲಾಗಬಹುದು. ಆದ್ದರಿಂದ ಟೈಲಿನ ಪಕ್ಕದಲ್ಲಿ ಬೂದು ಬಣ್ಣದ ಕಾರ್ಡನ್ನಿರಿಸಿ ಚಿತ್ರ ತೆಗೆದು, ಕಾರ್ಡಿನ ಮೂರೂ ಅಂಕಿಗಳು ಸಮನಾಗುವಂತೆ ಚಿತ್ರವನ್ನು ತಿದ್ದಿ, ಬಳಿಕವೇ ಮಾದರಿ ತೆಗೆಯಬೇಕು.

ಮಿತಿಗಳು

ಹೀಗೆ ದೊರೆತ ಅಂಕಿಯು ಛಾಯಾಚಿತ್ರದ ಬಣ್ಣವನ್ನು ಹೇಳುತ್ತದೆಯೇ ಹೊರತು ಮೆರುಗಿನ ರಾಸಾಯನಿಕ ಸ್ವರೂಪವನ್ನಲ್ಲ. ಉದುರಿದ ಟೈಲುಗಳ ಜಾಗವನ್ನು ಚಿತ್ರದಲ್ಲಿ ತುಂಬಿದರೆ ಅದನ್ನು ಸ್ಪಷ್ಟವಾಗಿ ನಮೂದಿಸಿ, ಮೂಲ ಚಿತ್ರವನ್ನು ಬೇರೆಯಾಗಿ ಉಳಿಸಬೇಕು; ಇಲ್ಲವಾದರೆ ಮುಂದಿನವರು ಕಲ್ಪನೆಯನ್ನೇ ಪುರಾವೆಯೆಂದು ಭಾವಿಸುವ ಸಂಭವವಿದೆ.