ಹಳೆಯ ಬ್ಯಾಟರಿಯೂ ಹೊಸ ನಿಯಮಗಳೂ

ನಮ್ಮ ನಾಡಿನ ಯಾವ ಪಟ್ಟಣದ ಪೇಟೆಗೆ ಹೋದರೂ ಬ್ಯಾಟರಿ ಮಾರುವ ಅಂಗಡಿಯೊಂದು ಕಣ್ಣಿಗೆ ಬೀಳದಿರದು. ಅದರ ಕಟ್ಟೆಯ ಮೇಲೆ ಶಕ್ತಿಗುಂದಿದ ಹಳೆಯ ಬ್ಯಾಟರಿಗಳ ರಾಶಿಯೂ ಕಾಣದಿರದು. ಗಿರಾಕಿಯು ಹಳೆಯದನ್ನು ಒಪ್ಪಿಸಿ, ಅದರ ಕ್ರಯವನ್ನು ಹೊಸದರ ಕ್ರಯದಲ್ಲಿ ಮುರಿಸಿಕೊಂಡು, ವ್ಯವಹಾರ ಮುಗಿಯಿತೆಂದು ಮನೆಗೆ ಹಿಂದಿರುಗುವನು. ಆ ಹಳೆಯ ಬ್ಯಾಟರಿಯು ಅಲ್ಲಿಂದ ಎಲ್ಲಿಗೆ ಹೋಯಿತೆಂದು ಕೇಳುವವರು ಯಾರು? ನಾವು ಇಂದು ವಾಚಕರ ಮುಂದಿಡಬಯಸುವುದು ಈ ಒಂದೇ ಪ್ರಶ್ನೆಯನ್ನು.

ಅದರ ಮುಂದಿರುವ ಹಾದಿಗಳು ಎರಡು. ಒಂದು, ಸರಕಾರದ ಅನುಮತಿ ಪಡೆದ ಕಾರ್ಖಾನೆಯ ಹಾದಿ. ಅಲ್ಲಿ ಯಂತ್ರವು ಪೆಟ್ಟಿಗೆಯನ್ನು ಒಡೆಯುವುದು. ಒಳಗಿನ ಗಂಧಕಾಮ್ಲವನ್ನು ಶಮನಗೊಳಿಸಲಾಗುವುದು. ಕುಲುಮೆಯ ಹೊಗೆಯು ಸೋಸಿದ ಮೇಲೆಯೇ ಹೊರಬೀಳುವುದು. ಇನ್ನೊಂದು, ಊರ ಹೊರಗಿನ ಗುಪ್ತ ಭಟ್ಟಿಯ ಹಾದಿ. ಅಲ್ಲಿ ಬಡ ಕೂಲಿಕಾರನು ಬರಿಗೈಯಿಂದ ಪೆಟ್ಟಿಗೆಯನ್ನು ಒಡೆದು ತೆಗೆಯುವನು. ಆಮ್ಲವು ಚರಂಡಿಗೆ ಹರಿಯುವುದು. ಸೀಸದ ಫಲಕಗಳು ಇದ್ದಲಿನ ಬೆಂಕಿಯಲ್ಲಿ ಬೇಯುವುವು. ವಿಷದ ಹೊಗೆಯು ನೆರೆಯ ಹೊಲದ ಮೇಲೂ ಬಾವಿಯ ಮೇಲೂ ಇಳಿಯುವುದು. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವ ಲೋಹವಾದುದರಿಂದ ಈ ಕಸಬಿಗೆ ದೊಡ್ಡ ಬಂಡವಾಳವೂ ಬೇಡ, ವಿದ್ಯೆಯೂ ಬೇಡ. ಹೊಗೆಯನ್ನು ಸೋಸುವ ವೆಚ್ಚವಿಲ್ಲ, ತೆರಿಗೆಯಿಲ್ಲ, ಲೆಕ್ಕಪತ್ರವಿಲ್ಲ. ಆದುದರಿಂದ ಗುಪ್ತ ಭಟ್ಟಿಯವನು ಹಳೆಯ ಬ್ಯಾಟರಿಗೆ ಹೆಚ್ಚಿನ ಬೆಲೆಯನ್ನು ಕೊಡಬಲ್ಲನು. ಬೆಲೆ ಹೆಚ್ಚಿದ್ದಲ್ಲಿಗೆ ಸರಕು ಹೋಗುವುದರಲ್ಲಿ ಆಶ್ಚರ್ಯವೇನು?

ಆದರೆ ಆ ಹೆಚ್ಚಿನ ಬೆಲೆಯನ್ನು ನಿಜವಾಗಿ ತೆರುವವರು ಬೇರೆಯೇ ಇದ್ದಾರೆ. ಇಷ್ಟರವರೆಗೆ ಸೀಸದಿಂದ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೊಂದು ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯ. ದೊಡ್ಡವರಿಗಿಂತ ಮಕ್ಕಳ ದೇಹವು ಅದನ್ನು ಹಲವು ಪಟ್ಟು ಹೆಚ್ಚಾಗಿ ಹೀರಿಕೊಳ್ಳುವುದು. ಬೆಳೆಯುತ್ತಿರುವ ಮೆದುಳಿಗೆ ಅದರಿಂದಾದ ನಷ್ಟವು ತುಂಬಿಬರಲಾರದು. ಯುನಿಸೆಫ್ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 5 ಮೈಕ್ರೋಗ್ರಾಮಿನಷ್ಟು ಅಥವಾ ಅದಕ್ಕೂ ಮೇಲಿದ್ದಿತು. ಅವರಲ್ಲಿ 27 ಕೋಟಿಗೂ ಮಿಕ್ಕವರು ಭಾರತದ ಮಕ್ಕಳು. ಈ ವಿಷಕ್ಕೆ ಬಣ್ಣ, ಪಾತ್ರೆ, ಕಲಬೆರಕೆಯ ಅರಿಸಿನ ಮುಂತಾಗಿ ಮೂಲಗಳು ಹಲವಿದ್ದರೂ ಕ್ರಮವಿಲ್ಲದ ಬ್ಯಾಟರಿ ಭಟ್ಟಿಗಳು ಅವುಗಳಲ್ಲಿ ಮುಖ್ಯವೆಂದು ಆ ವರದಿಯೇ ಎತ್ತಿ ತೋರಿಸಿತು. ಉದಾಸೀನದ ಕೊನೆ ಎಲ್ಲಿಗೆಂಬುದಕ್ಕೆ ಆಫ್ರಿಕಾದ ಸೆನೆಗಾಲ್ ದೇಶವು ಸಾಕ್ಷಿ. ಅದರ ರಾಜಧಾನಿಯಾದ ಡಕಾರಿನ ಬಡ ಕೇರಿಯೊಂದರಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ 18 ಮಕ್ಕಳು ಮೃತರಾದರು. ಹಳೆಯ ಬ್ಯಾಟರಿಗಳ ಸೀಸವು ಆ ಕೇರಿಯ ಮಣ್ಣಿನಲ್ಲೆಲ್ಲ ಬೆರೆತುಹೋಗಿದ್ದಿತು.

ನಮ್ಮ ಸರಕಾರವು ಸುಮ್ಮನೆ ಕುಳಿತಿದ್ದಿತೆಂದು ನಾವು ಹೇಳಲಾರೆವು. ಸೀಸದ ವಿಷವನ್ನು ಕುರಿತು 1999ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಅಂತರರಾಷ್ಟ್ರೀಯ ಸಮ್ಮೇಳನವೊಂದು ಜರುಗಿತು. ಮರುವರ್ಷ ಪೆಟ್ರೋಲಿಗೆ ಸೀಸ ಬೆರೆಸುವುದು ದೇಶದಲ್ಲಿ ನಿಂತಿತು. ತೈಲ ಶುದ್ಧೀಕರಣದ ಕಾರ್ಖಾನೆಗಳು ಎಣಿಕೆಗೆ ಸಿಕ್ಕುವಷ್ಟೇ ಇದ್ದುದರಿಂದ ಆ ಆಜ್ಞೆಯು ಫಲಿಸಿತು. 2001ರಲ್ಲಿ ಬ್ಯಾಟರಿಗಳಿಗೂ ನಿಯಮಗಳು ಬಂದವು: ಮಾರಿದ ನೂರಕ್ಕೆ ತೊಂಬತ್ತರಷ್ಟನ್ನು ಮೂರನೆಯ ವರ್ಷದಿಂದ ಹಿಂದಕ್ಕೆ ಪಡೆಯತಕ್ಕದ್ದೆಂದು ವಿಧಿಸಲಾಯಿತು. ಆದರೆ ಬ್ಯಾಟರಿಯು ಕೈಬದಲಾಗುವ ಬಾಗಿಲುಗಳು ಸಾವಿರಾರು. ಅವುಗಳನ್ನು ಕಾಯುವವರು ಬೆರಳೆಣಿಕೆಯವರು. ನಿಯಮವು ಕಾಗದದ ಮೇಲುಳಿಯಿತು. ಭಟ್ಟಿಯು ಉರಿಯುತ್ತಲೇ ಇದ್ದಿತು.

ಆ ಅನುಭವದಿಂದ ಹುಟ್ಟಿದವು 2022ರ ಆಗಸ್ಟಿನಲ್ಲಿ ಪ್ರಕಟವಾದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ಇವುಗಳ ತತ್ತ್ವವು ನಮಗೆ ಸಮ್ಮತವಾಗಿದೆ. ಬ್ಯಾಟರಿಯನ್ನು ಮಾಡಿದವನೂ ಹೊರದೇಶದಿಂದ ತರಿಸಿದವನೂ ಅದರ ಅಂತ್ಯಕಾಲದವರೆಗೆ ಹೊಣೆಗಾರರು. ಗಡಿಯಾರದ ಗುಂಡಿ ಬ್ಯಾಟರಿಯೂ ವಿದ್ಯುತ್ ವಾಹನದ ದೊಡ್ಡ ಬ್ಯಾಟರಿಯೂ ಇವುಗಳ ವ್ಯಾಪ್ತಿಗೆ ಸೇರಿವೆ. ಹೂಳುವುದೂ ಸುಡುವುದೂ ನಿಷಿದ್ಧ. ವಿದ್ಯುತ್ ವಾಹನದ ಹೊಸ ಬ್ಯಾಟರಿಗಳಲ್ಲಿ 2027-28ರಿಂದ ನೂರಕ್ಕೆ ಐದರಷ್ಟು, 2030-31ಕ್ಕೆ ನೂರಕ್ಕೆ ಇಪ್ಪತ್ತರಷ್ಟು ಪದಾರ್ಥವು ಹಳೆಯದರಿಂದ ಬಂದುದಾಗಿರತಕ್ಕದ್ದು.

ಇದು ಬರಿಯ ಶುಚಿತ್ವದ ಮಾತಲ್ಲ, ದೇಶದ ಸಂಪತ್ತಿನ ಮಾತೂ ಹೌದು. ನಮ್ಮ ಮಂಡ್ಯ ಜಿಲ್ಲೆಯ ನೆಲದಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವುದೆಂದು ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜು ಮಾಡಿದಾಗ ನಾವೆಲ್ಲ ಹರ್ಷಪಟ್ಟೆವು. ನೆಲದಾಳದ ಆ ಅಲ್ಪ ನಿಧಿಗೆ ಹಿಗ್ಗಿದ ನಾವು, ಹೊರದೇಶಕ್ಕೆ ಹಣ ತೆತ್ತು ತರಿಸಿದ ಲಿಥಿಯಂ ಕೋಬಾಲ್ಟ್‌ಗಳನ್ನು ಸವೆದ ಬ್ಯಾಟರಿಯೊಡನೆ ತಿಪ್ಪೆಗೆಸೆಯುವುದು ವಿವೇಕವೆನಿಸೀತೆ?

ಆದರೂ ನಮ್ಮ ಮನಸ್ಸಿನಲ್ಲಿ ಶಂಕೆಯೊಂದು ಉಳಿದಿದೆ. ಹೊಸ ನಿಯಮಗಳಂತೆ, ಹಳೆಯ ಬ್ಯಾಟರಿಯನ್ನು ಸಂಸ್ಕರಿಸಿದವನಿಗೆ ಪ್ರಮಾಣಪತ್ರ ದೊರೆಯುವುದು. ಉತ್ಪಾದಕನು ಅದನ್ನು ಕೊಂಡು ತನ್ನ ಹೊಣೆಯನ್ನು ಪೂರೈಸಿದೆನೆಂದು ತೋರಿಸುವನು. ಇದೇ ಏರ್ಪಾಡು ಪ್ಲಾಸ್ಟಿಕ್ಕಿನ ವಿಷಯದಲ್ಲಿ ಏನಾಯಿತು? 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ತಪಾಸಣೆ ನಡೆಸಿದಾಗ ಸುಮಾರು ಆರು ಲಕ್ಷ ಸುಳ್ಳು ಪ್ರಮಾಣಪತ್ರಗಳು ಬೆಳಕಿಗೆ ಬಂದವು. ಪತ್ರವು ಕೈಗೆ ಬಂದಿತು, ಕಸವು ಬೀದಿಯಲ್ಲಿಯೇ ಉಳಿಯಿತು. ಸೀಸದ ವಿಷಯದಲ್ಲಿ ಇಂತಹ ಸುಳ್ಳಿಗೆ ದಂಡ ತೆರುವುದು ಮಕ್ಕಳ ರಕ್ತ.

ಯುರೋಪು ಒಕ್ಕೂಟದವರ ಕಾಯಿದೆಯು 2023ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. 2027ರ ಫೆಬ್ರುವರಿಯಿಂದ ವಿದ್ಯುತ್ ವಾಹನದ ಪ್ರತಿಯೊಂದು ಬ್ಯಾಟರಿಗೂ ಅದರ ಹುಟ್ಟು, ಒಳಗಿನ ಪದಾರ್ಥ, ಬಾಳಿಕೆಗಳನ್ನು ತಿಳಿಸುವ ರಹದಾರಿಯಿರಬೇಕೆಂದು ಅವರು ವಿಧಿಸಿದ್ದಾರೆ. ಪರರದೆಂದು ಅದನ್ನು ಕುರುಡಾಗಿ ಅನುಕರಿಸುವುದೂ ಬೇಡ, ಪರರದೆಂದು ತಳ್ಳುವುದೂ ಬೇಡ. ಎಣಿಸಬೇಕಾದುದು ಪತ್ರಗಳನ್ನಲ್ಲ, ಬ್ಯಾಟರಿಗಳನ್ನು ಎಂಬ ಅದರ ಸಾರವು ಗ್ರಾಹ್ಯವಾದುದು.

ಆದುದರಿಂದ ಸರಕಾರದವರಲ್ಲಿ ನಮ್ಮ ಬಿನ್ನಹಗಳು ಮೂರು. ಗಿರಾಕಿಯಿಂದ ಠೇವಣಿ ಪಡೆದು, ಹಳೆಯ ಬ್ಯಾಟರಿ ಬಂದಾಗ ಅದನ್ನು ಹಿಂದಿರುಗಿಸುವ ಕ್ರಮವನ್ನು ಈಗಿನ ನಿಯಮಗಳು ಉತ್ಪಾದಕನ ಇಚ್ಛೆಗೆ ಬಿಟ್ಟಿವೆ. ಅದನ್ನು ಕಡ್ಡಾಯ ಮಾಡಬೇಕು. ಕ್ರಮಬದ್ಧವಾದ ಹಾದಿಯಲ್ಲಿಯೇ ಹೆಚ್ಚು ಹಣ ಕೈಗೆ ಬರುವಂತಾದರೆ ಗುಪ್ತ ಭಟ್ಟಿಯು ತಾನಾಗಿ ಆರುವುದು. ಎರಡನೆಯದಾಗಿ, ಪ್ರಮಾಣಪತ್ರದ ತೂಕವನ್ನು ಕಾರ್ಖಾನೆಯ ವಿದ್ಯುತ್ ಖರ್ಚಿನೊಡನೆಯೂ ಅಲ್ಲಿಂದ ಹೊರಟ ಸೀಸದೊಡನೆಯೂ ತಾಳೆ ನೋಡಿದ ಹೊರತು ಒಪ್ಪಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಭಟ್ಟಿಯ ಮುಂದೆ ಕುಳಿತವನು ಅಪರಾಧಿಯಾಗುವುದಕ್ಕಿಂತ ಮೊದಲು ಬಡವನು. ಆ ಹೊಗೆಯನ್ನು ಎಲ್ಲರಿಗಿಂತ ಮುಂಚೆ ಕುಡಿಯುವವನು ಅವನೇ. ಅವನನ್ನು ಹೊಡೆದೋಡಿಸಿದರೆ ಇನ್ನೊಂದು ಊರಿನಲ್ಲಿ ಭಟ್ಟಿ ಹೂಡುವನು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ತಲುಪಿಸುವ ಕೆಲಸವನ್ನು ಅವನಿಗೇ ಕೂಲಿ ಕೊಟ್ಟು ವಹಿಸತಕ್ಕದ್ದು. ಅವನ ಮಕ್ಕಳ ರಕ್ತಪರೀಕ್ಷೆಯನ್ನು ಸರಕಾರದ ವೆಚ್ಚದಲ್ಲಿ ನಡೆಸತಕ್ಕದ್ದು.

ಇನ್ನು ವಾಚಕರ ಪಾಲಿನ ಕರ್ತವ್ಯ. ಹಳೆಯ ಬ್ಯಾಟರಿಯನ್ನು ಒಪ್ಪಿಸುವಾಗ ರಸೀತಿಯನ್ನು ಕೇಳಿ ಪಡೆಯಿರಿ. ಇದು ಯಾವ ಕಾರ್ಖಾನೆಗೆ ಹೋಗುವುದೆಂದು ವಿಚಾರಿಸಿರಿ. ನೂರು ಗಿರಾಕಿಗಳು ಕೇಳಿದ ಪ್ರಶ್ನೆಗೆ ಅಂಗಡಿಯವನು ಉತ್ತರವನ್ನು ಸಿದ್ಧಪಡಿಸಿಕೊಳ್ಳಲೇಬೇಕಾಗುವುದು. ನಮ್ಮ ಮನೆಯಲ್ಲಿ ದೀಪ ಬೆಳಗಿದ ವಸ್ತುವು ಇನ್ನೊಬ್ಬರ ಮನೆಯ ಮಗುವಿನ ಬುದ್ಧಿಯನ್ನು ನಂದಿಸದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆಯೆಂದು ನಾವು ಭಾವಿಸುತ್ತೇವೆ.