ಆಟಿಕೆಗೆ ಹೊಸ ರೂಪ: ಸಲಕರಣೆಗೂ ಮೊದಲು ಪ್ಲಾಸ್ಟಿಕ್ ಅರಿಯಿರಿ

ಅಂಗಡಿಯಿಂದ ತಂದ ಗೊಂಬೆಯ ಕೈ ಕತ್ತರಿಸಿ, ಮತ್ತೊಂದರ ತಲೆ ಜೋಡಿಸಿ, ಬಣ್ಣ ಬಳಿದು ತಮ್ಮದೇ ಪಾತ್ರವೊಂದನ್ನು ಸೃಷ್ಟಿಸುವ ಹವ್ಯಾಸಕ್ಕೆ ಜಗತ್ತಿನ ಹಲವೆಡೆ ಅಪಾರ ಆಸಕ್ತರಿದ್ದಾರೆ. ಇದಕ್ಕೆ ಇಳಿಯುವ ಹೊಸಬರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ವೇಗವಾಗಿ ತಿರುಗುವ ಮೋಟಾರು ಉಪಕರಣವನ್ನು. ವಾಸ್ತವದಲ್ಲಿ ಅದು ಕೊನೆಯಲ್ಲಿ ಕೊಳ್ಳಬೇಕಾದ ವಸ್ತು. ಯಾವ ಸಲಕರಣೆ ಬೇಕೆಂಬುದನ್ನು ನಿರ್ಧರಿಸುವುದು ಆಟಿಕೆಯ ಪ್ಲಾಸ್ಟಿಕ್.

ಯಾವ ಪ್ಲಾಸ್ಟಿಕ್?

ಲೆಗೊ ಇಟ್ಟಿಗೆಗಳಲ್ಲಿ 1963ರಿಂದ ಬಳಕೆಯಲ್ಲಿರುವ ಎಬಿಎಸ್ ಗಟ್ಟಿ ಪ್ಲಾಸ್ಟಿಕ್. ಗೊಂಬೆಗಳ ತಲೆ, ಮೇಲಂಗಿಗಳಲ್ಲಿ ಹೆಚ್ಚಾಗಿ ಕಾಣುವುದು ಬಾಗುವ ಪಿವಿಸಿ. ಜಪಾನಿನ ಬಂಡಾಯ್ ಕಂಪನಿಯು 1980ರಿಂದ ಮಾರುತ್ತಿರುವ ಗುಂಡಮ್ ಮಾದರಿಗಳ ಬಹುಭಾಗ ಪಾಲಿಸ್ಟೈರೀನ್. ಟೊಳ್ಳಿಲ್ಲದ ಚಿಕ್ಕ ಚೂರು ನೀರಿನಲ್ಲಿ ತೇಲಿದರೆ ಅದು ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್ ಆಗಿರುವ ಸಾಧ್ಯತೆ ಹೆಚ್ಚು. ಇವುಗಳಿಗೆ ಅಂಟಾಗಲೀ ಬಣ್ಣವಾಗಲೀ ಸುಲಭವಾಗಿ ಹಿಡಿಯದು. ಆದ್ದರಿಂದ ಕತ್ತರಿಸುವ ಮುನ್ನವೇ ಯೋಚಿಸುವುದು ಒಳಿತು.

ಕೆಲವೊಮ್ಮೆ ಕತ್ತರಿಸುವ ಅಗತ್ಯವೇ ಇರುವುದಿಲ್ಲ. 1982ರಲ್ಲಿ ಬಂದ ಜಿ.ಐ. ಜೋ ಗೊಂಬೆಗಳ ಬೆನ್ನಿನ ತಿರುಪು ಬಿಚ್ಚಿದರೆ ಸಾಕು, ಅವಯವಗಳು ಬೇರ್ಪಡುತ್ತವೆ.

ಕೈ ಸಲಕರಣೆಗಳು

ಮೆತ್ತನೆಯ ಪಿವಿಸಿಗೆ ಹರಿತವಾದ ಚಾಕು ಸಾಕು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತಿಟ್ಟರೆ ಅದು ಇನ್ನಷ್ಟು ಮೆದುವಾಗುತ್ತದೆ. ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕಾಗಿ, ಅದು ಜಾರಿ ಬೆರಳಿಗೆ ತಗಲುವ ಅಪಾಯವಿದೆ. ದಪ್ಪ ಎಬಿಎಸ್‌ಗೆ ಚಾಕು ಸಲ್ಲದು. ಸಣ್ಣ ಹಲ್ಲುಗಳ ಗರಗಸ ಬೇಕು. ಅಲಗು ತೆಳುವಾದಷ್ಟೂ ಪುಡಿಯಾಗಿ ಹೋಗುವ ಪ್ಲಾಸ್ಟಿಕ್ ಕಡಿಮೆ, ಜೋಡಣೆಯೂ ನಿಖರ. ಪಾಲಿಸ್ಟೈರೀನ್ ಭಾಗಗಳನ್ನು ಚೌಕಟ್ಟಿನಿಂದ ಬಿಡಿಸಲು ಚಿಕ್ಕ ಕಟರ್ ಬಳಸಿ, ಮೊದಲು ತುಸು ದೂರದಲ್ಲಿ, ಬಳಿಕ ಅಂಚಿಗೆ ಸಮೀಪ ಕತ್ತರಿಸಬೇಕು. ಹೀಗೆ ಮಾಡಿದರೆ ಬಿಳಿ ಕಲೆ ಬೀಳುವುದು ಕಡಿಮೆ.

ಆಕಾರಕ್ಕೆ ಅರ, ನಯಕ್ಕೆ ಉಪ್ಪುಕಾಗದ. 400ರಿಂದ ಆರಂಭಿಸಿ 600, 1000 ಸಂಖ್ಯೆಯ ಕಾಗದಗಳತ್ತ ಸಾಗಬೇಕು. ನೀರು ತಾಳುವ ಕಾಗದವನ್ನು ಒದ್ದೆ ಮಾಡಿ ಉಜ್ಜಿದರೆ ಧೂಳು ಏಳುವುದಿಲ್ಲ.

ಮೋಟಾರಿನ ಮಿತಿ

ಈ ಪುಟ್ಟ ಯಂತ್ರಗಳಲ್ಲಿ ಕೆಲವು ನಿಮಿಷಕ್ಕೆ 30 ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬಲ್ಲವು. ಎಬಿಎಸ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗುತ್ತದೆ. ಹೀಗಾಗಿ ಅತಿವೇಗದ ಘರ್ಷಣೆಗೆ ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ಉಪಕರಣಕ್ಕೇ ಅಂಟಿಕೊಳ್ಳುತ್ತದೆ. ವೇಗ ತಗ್ಗಿಸಬಹುದಾದ ಯಂತ್ರವನ್ನೇ ಆರಿಸಿ, ಕನಿಷ್ಠ ವೇಗದಲ್ಲಿ, ಬಿಟ್ಟು ಬಿಟ್ಟು ಬಳಸುವುದು ಸೂಕ್ತ. ಕೀಲಿನ ಒಳಭಾಗ ಕೊರೆಯುವಂತಹ, ಅರ ಹೋಗದ ಜಾಗಗಳಿಗೆ ಮಾತ್ರ ಇದು ಉಪಯುಕ್ತ.

ಎಚ್ಚರಿಕೆ ಅಗತ್ಯ

ಕತ್ತರಿಸುವ ಬಿಲ್ಲೆ ಒಡೆದು ಸಿಡಿಯಬಹುದಾದ್ದರಿಂದ ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ತಿರುಗುವ ಯಂತ್ರದ ಬಳಿ ಸಡಿಲ ಕೈಗವಸು ಬೇಡ. ಅತಿಯಾಗಿ ಕಾದ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲ ಬಿಡುತ್ತದೆ. ಗಾಳಿಯಾಡುವ ಕೋಣೆ, ಧೂಳು ತಡೆಯುವ ಮುಖಗವಸು ಎರಡೂ ಇರಲಿ. ಹಳೆಯ ಆಟಿಕೆಯ ಬಣ್ಣ ಉಜ್ಜುವಾಗ ಇನ್ನಷ್ಟು ಜಾಗ್ರತೆ ಬೇಕು. ಬಣ್ಣದಲ್ಲಿ ಸೀಸವಿದ್ದ ಕಾರಣ 2007ರಲ್ಲಿ ಮ್ಯಾಟೆಲ್ ಕಂಪನಿ ಲಕ್ಷಾಂತರ ಆಟಿಕೆಗಳನ್ನು ಹಿಂಪಡೆದಿತ್ತು.

ಹೀಗೆ ರೂಪ ಬದಲಿಸಿದ ಗೊಂಬೆಯಲ್ಲಿ ಚೂಪು ಅಂಚು, ಕಳಚಿ ಬರುವ ಸಣ್ಣ ತುಣುಕುಗಳು ಉಳಿದಿರಬಹುದು. ಅದರ ಸ್ಥಾನ ಕಪಾಟೇ ಹೊರತು ಪುಟ್ಟ ಮಕ್ಕಳ ಕೈಯಲ್ಲ.