ಸೊಪ್ಪಿನ ಕ್ಯಾರೊಟಿನ್ ಕಣ್ಣನ್ನು ತಲುಪುವ ಬಗೆ

ಹಿತ್ತಿಲಲ್ಲಿ ನುಗ್ಗೆ ಮರವಿದ್ದು, ವಾರಕ್ಕೆರಡು ಸಲ ಸೊಪ್ಪಿನ ಸಾರು ಮಾಡುವ ಮನೆಯಲ್ಲೂ ಮುಸ್ಸಂಜೆಯಾದೊಡನೆ ತಡವರಿಸಿ ನಡೆಯುವ ಮಗು ಇರಬಹುದು. ಇರುಳುಗುರುಡು ‘ಎ’ ಅನ್ನಾಂಗದ ಕೊರತೆಯಿಂದ ಬರುತ್ತದೆಂದು ಬಹುಮಂದಿ ರೈತರು ಬಲ್ಲರು. ಸೊಪ್ಪು ತಿಂದರೂ ಅದು ಬರುವುದೇಕೆ?

ಸೊಪ್ಪಿನಲ್ಲಿ ‘ಎ’ ಅನ್ನಾಂಗವೇ ಇರುವುದಿಲ್ಲ. ಇರುವುದು ಬೀಟಾ ಕ್ಯಾರೊಟಿನ್ ಎಂಬ ಕಿತ್ತಳೆ ಬಣ್ಣದ ವಸ್ತು. ಗಜ್ಜರಿ, ಪಪ್ಪಾಯಿಗಳಲ್ಲಿ ಅದರ ಬಣ್ಣ ಎದ್ದು ಕಾಣುತ್ತದೆ. ನುಗ್ಗೆ, ಹರಿವೆ, ಮೆಂತ್ಯದ ಸೊಪ್ಪುಗಳಲ್ಲಿ ಹಸಿರು ಅದನ್ನು ಮರೆಮಾಡಿರುತ್ತದೆ. ಈ ವಸ್ತು ಪ್ರಾಣಿಯ ದೇಹದೊಳಗೆ ‘ಎ’ ಅನ್ನಾಂಗವಾಗಿ ಮಾರ್ಪಡುತ್ತದೆಂಬುದನ್ನು 1930ರಲ್ಲಿ ಇಂಗ್ಲೆಂಡಿನ ಥಾಮಸ್ ಮೂರ್ ಅವರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಕ್ಯಾರೊಟಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಬೇಯಿಸಿ ಅಗಿದಾಗ ಎಲೆಯ ಕೋಶಗಳು ಒಡೆದು ಅದು ಹೊರಬರುತ್ತದೆ. ಊಟದಲ್ಲಿ ಎಣ್ಣೆ ಅಥವಾ ತುಪ್ಪವಿದ್ದರೆ ಪಿತ್ತರಸವು ಅದನ್ನು ಅತಿ ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಕ್ಯಾರೊಟಿನ್ ಆ ಹನಿಗಳಲ್ಲಿ ಸೇರಿ ಸಣ್ಣ ಕರುಳಿನ ಗೋಡೆಯನ್ನು ಹೊಗುತ್ತದೆ. ಒಗ್ಗರಣೆಯಿಲ್ಲದ ಸೊಪ್ಪಿನ ಸಾರು, ಬರಿಯ ಮುದ್ದೆ ಉಂಡರೆ ಬಹುಭಾಗ ಮಲದೊಡನೆ ಹೊರಟುಹೋಗುತ್ತದೆ. ಹೆಚ್ಚೇನೂ ಬೇಡ, ಊಟಕ್ಕೆ ಒಂದು ಟೀ ಚಮಚ ಎಣ್ಣೆ ಸಾಕು. ಕರುಳಿನಲ್ಲಿ ಜಂತುಹುಳುಗಳಿದ್ದರೆ ಈ ಹೀರಿಕೆಯೂ ಕುಂದುತ್ತದೆ.

ಕರುಳಿನ ಗೋಡೆಯಲ್ಲಿ ಒಂದು ಕಿಣ್ವವು ಕ್ಯಾರೊಟಿನ್ ಅಣುವನ್ನು ಸರಿಯಾಗಿ ನಡುವೆ ಕತ್ತರಿಸುತ್ತದೆ. ಒಂದು ಅಣುವಿನಿಂದ ‘ಎ’ ಅನ್ನಾಂಗದ ಎರಡು ಅಣುಗಳು ಸಿಗಬೇಕು. ಇದು ಕಾಗದದ ಮೇಲಿನ ಲೆಕ್ಕ. ದಾರಿಯಲ್ಲಿ ಆಗುವ ನಷ್ಟ ದೊಡ್ಡದು. ಸಾಮಾನ್ಯ ಆಹಾರದ 6 ಮೈಕ್ರೊಗ್ರಾಂ ಬೀಟಾ ಕ್ಯಾರೊಟಿನ್ 1 ಮೈಕ್ರೊಗ್ರಾಂ ‘ಎ’ ಅನ್ನಾಂಗಕ್ಕೆ ಸಮವೆಂದು ಮೊದಲು ಎಣಿಸುತ್ತಿದ್ದರು. ಅಮೆರಿಕದ ತಜ್ಞರು 2001ರಲ್ಲಿ ಅದನ್ನು 12 ಎಂದು ತಿದ್ದಿದರು.

ಈ ಕತ್ತರಿಸುವ ಕೆಲಸ ಎಲ್ಲ ಪ್ರಾಣಿಗಳಲ್ಲಿ ಒಂದೇ ಸಮನಾಗಿ ನಡೆಯುವುದಿಲ್ಲ. ಎಮ್ಮೆಯು ಮೇವಿನಿಂದ ಹೀರಿದ ಕ್ಯಾರೊಟಿನ್ನನ್ನು ಹೆಚ್ಚುಕಡಿಮೆ ಪೂರ್ತಿ ‘ಎ’ ಅನ್ನಾಂಗವಾಗಿಸುವುದರಿಂದ ಅದರ ತುಪ್ಪ ಬಿಳಿ. ಹಸುವಿನಲ್ಲಿ ಸ್ವಲ್ಪ ಹಾಗೆಯೇ ಉಳಿದು ಕೊಬ್ಬನ್ನು ಸೇರುವುದರಿಂದ ತುಪ್ಪ ಹಳದಿ. ಬೇಸಿಗೆಯಲ್ಲಿ ಒಣಹುಲ್ಲು ಮಾತ್ರ ಮೇಯ್ದ ಹಸುವಿನ ಬೆಣ್ಣೆ ಬಿಳಿಚಿಕೊಳ್ಳುವುದೂ ಇದರಿಂದಲೇ: ಬಿಸಿಲು ಮೇವಿನ ಕ್ಯಾರೊಟಿನ್ನನ್ನು ಕೆಡಿಸುತ್ತದೆ. ನುಗ್ಗೆ ಸೊಪ್ಪನ್ನು ಒಣಗಿಸಿಡುವವರು ನೆರಳಿನಲ್ಲಿ ಒಣಗಿಸಲಿ.

ಕರುಳಿನಿಂದ ‘ಎ’ ಅನ್ನಾಂಗವು ಕೊಬ್ಬಿನ ಕಣಗಳಲ್ಲಿ ಅಡಗಿ, ದುಗ್ಧನಾಳಗಳ ಮೂಲಕ ರಕ್ತಕ್ಕೆ ಬಂದು, ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅಲ್ಲಿಂದ ಕಣ್ಣಿಗೆ ಹೋಗಲು ಅದನ್ನು ಹೊರುವ ಒಂದು ವಿಶೇಷ ಸಸಾರಜನಕ ಬೇಕು. ಅದನ್ನು ಯಕೃತ್ತೇ ತಯಾರಿಸುತ್ತದೆ. ಬೇಳೆಕಾಳು, ಹಾಲು, ಮೊಟ್ಟೆ ಕಾಣದೆ ಬಡಕಲಾದ ಮಗುವಿನಲ್ಲಿ ಈ ತಯಾರಿಕೆ ಕುಂದುತ್ತದೆ. ಕಣಜದಲ್ಲಿ ರಾಗಿಯಿದ್ದೂ ಸಾಗಿಸಲು ಗಾಡಿಯಿಲ್ಲದಂತಾಗುತ್ತದೆ.

ಕಣ್ಣಿನ ಹಿಂಪದರದಲ್ಲಿ ಮಬ್ಬು ಬೆಳಕನ್ನು ಗ್ರಹಿಸುವ ವರ್ಣವಸ್ತು ಈ ಅನ್ನಾಂಗದಿಂದಲೇ ಆಗುತ್ತದೆ. ಆದ್ದರಿಂದ ಕೊರತೆ ಮೊದಲು ಸಂಜೆಯ ಹೊತ್ತಿನಲ್ಲಿ ತಿಳಿಯುತ್ತದೆ. ಮುಂದೆ ಕಣ್ಣಿನ ಬಿಳಿಭಾಗ ಒಣಗಿ, ನೊರೆಯಂಥ ಚುಕ್ಕೆಗಳು ಮೂಡಬಹುದು. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ಮೆತ್ತಗಾಗಿ ಕರಗಿತೆಂದರೆ ಹೋದ ದೃಷ್ಟಿ ಮರಳದು.

ಸಂಜೆ ತಡವರಿಸುವ ಮಗುವಿಗೆ ಸೊಪ್ಪು ತಿನ್ನಿಸುತ್ತ ಕಾಯುವುದು ಸಲ್ಲದು. ಮರುದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಭಾರತದಲ್ಲಿ 1970ರಲ್ಲಿ ಆರಂಭವಾದ ಯೋಜನೆಯಂತೆ ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ‘ಎ’ ಅನ್ನಾಂಗದ ದ್ರಾವಣ ಕುಡಿಸಲಾಗುತ್ತದೆ. ಆರೋಗ್ಯ ಕಾರ್ಯಕರ್ತರು ಹೇಳಿದ ಪ್ರಮಾಣವನ್ನು ಮೀರಿ ಅದನ್ನು ಕೊಡಬಾರದು, ಅತಿಯಾದರೆ ವಿಷವಾಗುತ್ತದೆ. ಸೊಪ್ಪಿನಲ್ಲಿ ಆ ಭಯವಿಲ್ಲ. ದೇಹ ತನಗೆ ಸಾಕೆನಿಸಿದಾಗ ಕತ್ತರಿಸುವುದನ್ನು ಕಡಿಮೆ ಮಾಡುತ್ತದೆ. ಬಹಳ ತಿಂದರೆ ಅಂಗೈ ಸ್ವಲ್ಪ ಹಳದಿಯಾದೀತು, ಅಷ್ಟೆ.